ಎಲ್ಲರೂ ತಿದ್ದಬಹುದಾಗಿದ್ದ ಫೈಲು

ನಾನು ಕೆಲಸ ಮಾಡುವ ಆಸ್ಪತ್ರೆ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇದೆ ಎಂದಷ್ಟೇ ಹೇಳಿದರೆ ಸಾಕು. ಅಲ್ಲಿನ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗುಣಮಟ್ಟದ ತಪಾಸಣೆಗೆಂದು ಹೊರಗಿನ ತಂಡವೊಂದು ಬರುವುದಿತ್ತು. ಯಂತ್ರಗಳಲ್ಲಿ ತಾವಾಗಿಯೇ ಓಡುವ ಸ್ಕ್ರಿಪ್ಟ್‌ಗಳನ್ನು ಯಾರು ಯಾರು ತಿದ್ದಬಹುದು ಎಂದು ಅವರು ಕೇಳೇ ಕೇಳುತ್ತಾರೆ. ನಮ್ಮ ಐಟಿ ಮ್ಯಾನೇಜರ್ ಆ ಪರೀಕ್ಷೆಯನ್ನು ನನಗೆ ಒಪ್ಪಿಸಿದರು.

"ಲ್ಯಾಬ್ ಸರ್ವರ್ ಇಂದ ಶುರು ಮಾಡಿ. ಅದೇ ಎಲ್ಲಕ್ಕಿಂತ ಹಳೇದು," ಎಂದರು.

ಸೋಮವಾರ ಬೆಳಿಗ್ಗೆ ಪುಟ್ಟೇನಹಳ್ಳಿಯ ಮನೆಯಿಂದ ಸ್ಕೂಟರಿನಲ್ಲಿ ಬಂದು, ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ಕೆಲಸಕ್ಕೆ ಕುಳಿತೆ. ಇದು ಯಾರೂ ಆಸೆಪಟ್ಟು ಮಾಡುವ ಕೆಲಸವಲ್ಲ. ಸ್ಕ್ರಿಪ್ಟ್ ಎಂದರೆ ಯಂತ್ರ ಮಾಡಬೇಕಾದದ್ದನ್ನು ಸಾಲು ಸಾಲಾಗಿ ಬರೆದಿಟ್ಟ ಒಂದು ಚಿಕ್ಕ ಫೈಲು. ಪ್ರತಿ ಫೈಲಿಗೂ ಒಬ್ಬ ಒಡೆಯ ಇರುತ್ತಾನೆ, ಒಡೆಯನ ಒಂದು ಗುಂಪು ಇರುತ್ತದೆ, ಉಳಿದವರೆಲ್ಲ ಹೊರಗಿನವರು. ಈ ಮೂವರಲ್ಲಿ ಯಾರು ಓದಬಹುದು, ಯಾರು ಬರೆಯಬಹುದು, ಯಾರು ಓಡಿಸಬಹುದು ಎಂಬುದನ್ನು ಫೈಲಿನ ಹೆಸರಿನ ಪಕ್ಕದ ಕೆಲವು ಅಕ್ಷರಗಳು ಹೇಳುತ್ತವೆ. ಹೊರಗಿನವರಿಗೂ ಬರೆಯುವ ಹಕ್ಕಿರುವ ಸ್ಕ್ರಿಪ್ಟ್‌ಗಳನ್ನೆಲ್ಲ ತೋರಿಸು ಎಂದು ಯಂತ್ರಕ್ಕೆ ಹೇಳಿದೆ.

ಕೆಲವು ಹೆಸರುಗಳು ಬಂದವು. ಹೆಚ್ಚಿನವು ಬಳಕೆ ತಪ್ಪಿದ ಹಳೆಯ ಫೈಲುಗಳು. ಒಂದು ಹೆಸರನ್ನು ನೋಡಿ ಮಾತ್ರ ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಅದು ರಕ್ತ ಪರೀಕ್ಷೆಯ ಫಲಿತಾಂಶಗಳನ್ನು ಲ್ಯಾಬಿನಿಂದ ವಾರ್ಡುಗಳ ಪರದೆಗೆ ತಲುಪಿಸುವ ಸ್ಕ್ರಿಪ್ಟ್. ಕೆಲವೇ ನಿಮಿಷಗಳಿಗೊಮ್ಮೆ ಅದು ಓಡುತ್ತದೆ. ಓಡುವುದು ಸಾಮಾನ್ಯರ ಹೆಸರಿನಲ್ಲಲ್ಲ, ಯಂತ್ರದ ಯಜಮಾನನಾದ ರೂಟ್ ಹೆಸರಿನಲ್ಲಿ. ರೂಟ್‌ಗೆ ಆ ಯಂತ್ರದಲ್ಲಿ ಮಾಡಲಾಗದ್ದು ಏನೂ ಇಲ್ಲ. ಅಂಥವನು ಓಡಿಸುವ ಫೈಲನ್ನು ಯಾರು ಬೇಕಾದರೂ ತಿದ್ದಬಹುದು ಎಂದರೆ, ಡಾಕ್ಟರು ಸಹಿ ಹಾಕಿ ಖಾಲಿ ಬಿಟ್ಟ ಔಷಧಿ ಚೀಟಿ ಕೌಂಟರಿನ ಮೇಲೆ ಬಿದ್ದಿದ್ದ ಹಾಗೆ. ಕೈಗೆ ಸಿಕ್ಕವರು ಬರೆದದ್ದೇ ಮದ್ದು.

ಹಕ್ಕನ್ನು ಕಿತ್ತುಹಾಕಿ ಮುಂದಿನ ಫೈಲಿಗೆ ಹೋಗಬಹುದಿತ್ತು. ಹಾಗೆ ಮಾಡದೆ ಫೈಲನ್ನು ತೆರೆದು ನೋಡಿದೆ. ಸಾಫ್ಟ್‌ವೇರ್ ಕಂಪನಿಯವರು ಬರೆದುಕೊಟ್ಟಿದ್ದ ಸಾಲುಗಳೆಲ್ಲ ಇದ್ದವು. ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ. ಕರ್ಸರ್ ಕೆಳಕ್ಕೆ ಇಳಿಯುತ್ತಲೇ ಹೋಯಿತು. ಮುಗಿದ ಫೈಲು ಅಷ್ಟು ದೂರ ಇಳಿಯಬಾರದು. ತೀರ ತಳದಲ್ಲಿ ಒಂದೇ ಒಂದು ಸಾಲಿತ್ತು. ಓದಲು ಬಾರದ ಅಕ್ಷರಗಳನ್ನು ದಾರಕ್ಕೆ ಪೋಣಿಸಿದಂಥ ಉದ್ದನೆಯ ಸಾಲು. ಫೈಲು ತೆರೆದವರು ಸುಮ್ಮನೆ ಮೇಲಿನಿಂದ ನೋಡಿ ಮುಚ್ಚಲಿ ಎಂದೇ ಅಷ್ಟೊಂದು ಖಾಲಿ ಜಾಗ ಬಿಟ್ಟಿದ್ದರು.

ಮ್ಯಾನೇಜರನ್ನು ಕರೆದು ತೋರಿಸಿದೆ. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಸಾಫ್ಟ್‌ವೇರ್ ಕಂಪ್ನಿಯವ್ರು ಏನೋ ಸೇರ್ಸಿರ್ತಾರೆ ಬಿಡ್ರೀ. ಅವ್ರ ಕೆಲಸ ಯಾವಾಗ ನೆಟ್ಟಗಿತ್ತು?"

"ಬಚ್ಚಿಟ್ಟಿದ್ದಾರೆ ಸರ್. ಅವ್ರು ಯಾಕೆ ಬಚ್ಚಿಡ್ತಾರೆ?"

"ತೆಗೆದುಹಾಕಿ. ಪರ್ಮಿಷನ್ ಸರಿಮಾಡಿ. ಆಮೇಲೆ ಕೇಳೋಣ."

ಆ ಸಾಲನ್ನು ನನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಫೈಲಿನಿಂದ ಅಳಿಸಿದೆ. ರೂಟ್ ಬಿಟ್ಟು ಬೇರೆ ಯಾರೂ ಬರೆಯದಂತೆ ಹಕ್ಕನ್ನು ಬಿಗಿ ಮಾಡಿದೆ. ಅಷ್ಟರಲ್ಲಿ ಹೊರರೋಗಿಗಳ ವಿಭಾಗದಿಂದ ಪ್ರಿಂಟರ್ ಕೆಟ್ಟಿದೆ ಎಂದು ಕರೆ ಬಂತು. ಹೋಗಿ, ಸಿಕ್ಕಿಕೊಂಡಿದ್ದ ಕಾಗದ ಬಿಡಿಸಿ, ಅಲ್ಲಿನವರ ಗೊಣಗಾಟ ಕೇಳಿಸಿಕೊಂಡು ವಾಪಸ್ಸು ಬಂದೆ. ಕುಳಿತ ಮೇಲೆ, ಸುಮ್ಮನೆ ಸಮಾಧಾನಕ್ಕೆ ಎಂಬಂತೆ, ಆ ಫೈಲನ್ನು ಇನ್ನೊಮ್ಮೆ ನೋಡಿದೆ.

ಸಾಲು ಮತ್ತೆ ಅಲ್ಲೇ ಇತ್ತು. ಅದೇ ಖಾಲಿ ಜಾಗ, ಅದೇ ತಳ.

ನಾನೇ ಅಳಿಸಲು ಮರೆತೆನೇ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಮನಸ್ಸು ಎಷ್ಟು ಹಂಬಲಿಸಿತು ಎಂದರೆ, ಒಂದು ಕ್ಷಣ ಅದನ್ನು ನಂಬಿಯೂ ಬಿಟ್ಟೆ. ಆದರೆ ಫೈಲಿನ ಒಡೆಯನ ಹೆಸರು ಬದಲಾಗಿತ್ತು. ಬೆಳಿಗ್ಗೆ ಅಲ್ಲಿ ರೂಟ್ ಎಂದಿತ್ತು. ಈಗ ಸಾಫ್ಟ್‌ವೇರ್ ಕಂಪನಿಯವರು ದೂರದಿಂದ ರಿಪೇರಿ ಮಾಡಲು ಬಳಸುವ ಖಾತೆಯ ಹೆಸರಿತ್ತು. ಅಂದರೆ ಯಾರೂ ನನ್ನ ಫೈಲನ್ನು ತಿದ್ದಿರಲಿಲ್ಲ. ಅದನ್ನು ಎತ್ತಿ ಬಿಸಾಡಿ, ಅದೇ ಹೆಸರಿನ ಬೇರೆ ಫೈಲನ್ನು ತಂದು ಇಟ್ಟಿದ್ದರು. ನಾನು ಫೈಲಿಗೆ ಬೀಗ ಹಾಕಿದ್ದೆ, ಫೈಲು ಇದ್ದ ಕಪಾಟನ್ನು, ಅಂದರೆ ಡೈರೆಕ್ಟರಿಯನ್ನು ನೋಡಿರಲಿಲ್ಲ. ಡೈರೆಕ್ಟರಿಯಲ್ಲಿ ಬರೆಯುವ ಹಕ್ಕಿದ್ದವನು ಒಳಗಿನ ಫೈಲನ್ನು ಮುಟ್ಟಬೇಕಾಗಿಲ್ಲ, ಅದನ್ನೇ ಬದಲಾಯಿಸಬಹುದು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಆ ಬೆಳಿಗ್ಗೆ ಹೊಳೆದಿರಲಿಲ್ಲ.

ಈಗ ಯಂತ್ರದೊಳಗೆ ಯಾರು ಯಾರಿದ್ದಾರೆ ಎಂದು ಕೇಳುವ ಒಂದು ಪುಟ್ಟ ಆಜ್ಞೆ ಇದೆ. ಅದನ್ನು ಕೊಟ್ಟೆ. ಎರಡು ಹೆಸರು ಬಂದವು. ಒಂದು ನನ್ನದು. ಇನ್ನೊಂದು ಆ ರಿಪೇರಿ ಖಾತೆಯದು. ಅದರ ಮುಂದೆ ಇದ್ದ ವಿಳಾಸ ನಮ್ಮ ಆಸ್ಪತ್ರೆಯದಲ್ಲ, ಕಂಪನಿಯದೂ ಅಲ್ಲ.

ಎದ್ದು ಕಾರಿಡಾರಿಗೆ ಹೋದೆ. ಯಾಕೆ ಎದ್ದೆನೋ ತಿಳಿಯದು. ಆ ಪರದೆಯ ಎದುರು ಮಾತಾಡಿದರೆ ಯಂತ್ರದೊಳಗೆ ಕುಳಿತವನಿಗೆ ಕೇಳಿಸುತ್ತದೆ ಎಂಬಂತೆ ಅನಿಸಿತ್ತು. ನನ್ನ ಸ್ವಂತ ಮೊಬೈಲಿನಿಂದ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಎಂಜಿನಿಯರ್ ಒಬ್ಬರು ಹುಡುಕಿ ನೋಡಿ ಹೇಳಿದರು: "ಇವತ್ತು ನಮ್ಮ ಕಡೆಯಿಂದ ಯಾರೂ ಲಾಗಿನ್ ಆಗಿಲ್ಲ ಮೇಡಂ. ನಿಮ್ಮ ಆಸ್ಪತ್ರೆ ನೋಡ್ಕೊಳ್ಳೋರು ರಜಾದಲ್ಲಿದ್ದಾರೆ." ಫೈಲು ಎಲ್ಲರೂ ತಿದ್ದುವಂತೆ ಯಾಕಿದೆ ಎಂದು ಕೇಳಿದೆ. ಹಿಂದೆ ಒಮ್ಮೆ ರಿಪೋರ್ಟುಗಳು ವಾರ್ಡಿಗೆ ಹೋಗದೆ ನಿಂತಿದ್ದವಂತೆ. ಅವಸರದಲ್ಲಿ ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟು ಬಿಟ್ಟಿದ್ದರು. ರಿಪೋರ್ಟುಗಳು ಹೋಗತೊಡಗಿದವು, ಹಕ್ಕು ಹಾಗೆಯೇ ಉಳಿಯಿತು.

ಒಳಗೆ ಬಂದು, ಆ ಸಾಲಿನ ನಕಲನ್ನು ನೆಟ್‌ವರ್ಕಿನಿಂದ ಬಿಡಿಸಿದ ಲ್ಯಾಪ್‌ಟಾಪಿನಲ್ಲಿ ಬಿಡಿಸಿ ಓದಿದೆ. ಅರ್ಥ ಸರಳವಾಗಿತ್ತು. ಯಂತ್ರಕ್ಕೆ ಆಜ್ಞೆ ಕೊಡುವ ಪ್ರೋಗ್ರಾಮಿನ ಒಂದು ನಕಲು ಮಾಡು, ಅದನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಇಡು, ಯಾರು ಅದನ್ನು ಓಡಿಸಿದರೂ ಅವರು ರೂಟ್ ಆಗುವಂತೆ ಗುರುತು ಹಾಕು. ಅಂಥ ಗುರುತಿನ ಫೈಲು ಸರ್ವರ್‌ನಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ತಾತ್ಕಾಲಿಕ ಫೈಲುಗಳ ರಾಶಿಯ ನಡುವೆ ಸಿಕ್ಕಿತು. ತಾರೀಖು ಕೆಲವು ವಾರ ಹಿಂದಿನದು.

ಕೆಲವು ವಾರಗಳಿಂದ ಈ ಯಂತ್ರ ನಮ್ಮದಾಗಿರಲಿಲ್ಲ. ನಾನು ದಿನವೂ ಇದರ ಮುಂದೆ ಕುಳಿತು, ಎಲ್ಲ ಸರಿಯಿದೆ ಎಂದು ನೋಡಿ, ಮನೆಗೆ ಹೋಗುತ್ತಿದ್ದೆ.

ಈ ಸಲ ಮ್ಯಾನೇಜರ್ ಕುಳಿತು ನೋಡಿದರು. ಹಣೆ ಒರೆಸಿಕೊಂಡರು.

"ಅವನ ಕನೆಕ್ಷನ್ ಕಟ್ ಮಾಡಿ. ಪಾಸ್‌ವರ್ಡ್ ಬದಲಾಯ್ಸಿ. ಆ ಫೈಲ್ ಕಿತ್ತಾಕಿ. ಮುಗೀತಲ್ಲ?"

"ಮುಗಿಯಲ್ಲ ಸರ್. ಇನ್ನೆಷ್ಟು ಕಡೆ ಏನಿಟ್ಟಿದ್ದಾನೋ ಗೊತ್ತಿಲ್ಲ. ನಾವು ಒಂದನ್ನ ಮುಟ್ಟಿದ ತಕ್ಷಣ ಅವನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಇದ್ದಬದ್ದದ್ದೆಲ್ಲ ಅಳಿಸಿ ಹೋಗ್ತಾನೆ. ಬ್ಯಾಕಪ್ ಕೂಡ ಇದೇ ಸರ್ವರ್‌ಗೆ ತೆರೆದಿದೆ."

"ನೀವು ಬೆಳಿಗ್ಗೆ ಒಂದ್ಸಲ ಮುಟ್ಟಿದ್ದೀರಲ್ಲ."

ಅದೇ ನನ್ನ ಎದೆಯಲ್ಲಿ ಕುಳಿತಿತ್ತು. ಬೆಳಿಗ್ಗೆ ನಾನು ಅಳಿಸಿದ್ದನ್ನು ಅವನು ನೋಡಿದ್ದರೆ, ಈಗ ಆ ಕಡೆ ಕುಳಿತು ಏನು ಯೋಚಿಸುತ್ತಿರಬಹುದು? ಸಾಲನ್ನು ವಾಪಸ್ಸು ಇಟ್ಟಿದ್ದು ಮನುಷ್ಯನೋ, ಅವನು ಬಿಟ್ಟುಹೋದ ಕಾವಲು ಪ್ರೋಗ್ರಾಮೋ? ತಿಳಿಯುವ ದಾರಿ ಇರಲಿಲ್ಲ. ಯಂತ್ರವನ್ನೇ ಕೇಳೋಣವೆಂದರೆ, ರೂಟ್ ಆಗಿ ಕುಳಿತವನು ಯಂತ್ರದ ಬಾಯಿಗೇ ಬೇರೆ ಮಾತು ಕಲಿಸಿಟ್ಟಿರಬಹುದು.

"ಎಲ್ಲ ಒಟ್ಟಿಗೇ ಕೀಳಬೇಕು ಸರ್," ಎಂದೆ. "ಮೊದಲು ಬ್ಯಾಕಪ್, ಆಮೇಲೆ ಸರ್ವರ್. ಕೇಬಲ್ಲೇ ಕೀಳಬೇಕು."

"ಲ್ಯಾಬ್ ನಿಲ್ಸೋಕಾಗುತ್ತೇನ್ರೀ? ಐಸಿಯು ಇದೆ. ಯಾರಿಗಾದ್ರೂ ಏನಾದ್ರೂ ಆದ್ರೆ ಯಾರು ಹೊಣೆ?"

ಇಬ್ಬರೂ ವೈದ್ಯಕೀಯ ಸೂಪರಿಂಟೆಂಡೆಂಟ್ ಕೋಣೆಗೆ ಹೋದೆವು. ಅವರು ಹಿರಿಯ ಡಾಕ್ಟರು, ಎದುರಿನವರು ಮುಗಿಸುವವರೆಗೆ ಮಾತಾಡುವವರಲ್ಲ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು.

"ನಿಲ್ಲಿಸದೇ ಇದ್ರೆ ಏನಾಗುತ್ತೆ?"

"ನಾವು ನಿಲ್ಲಿಸದಿದ್ರೆ ಅವನೇ ನಿಲ್ಲಿಸ್ತಾನೆ ಮೇಡಂ. ಯಾವಾಗ ಅಂತ ಅವನಿಗೆ ಮಾತ್ರ ಗೊತ್ತಿರುತ್ತೆ."

"ಅವನು ರಿಪೋರ್ಟಲ್ಲಿರೋ ನಂಬರ್ ಬದಲಾಯಿಸಬಹುದಾ? ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಏನಾದ್ರೂ?"

ಅದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

"ಬದಲಾಯಿಸಬಹುದು," ಎಂದೆ.

"ಬದಲಾಯಿಸಿದ್ರೆ ನಿಮಗೆ ಗೊತ್ತಾಗುತ್ತಾ?"

"ಇಲ್ಲ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಈಗ ವಾರ್ಡಲ್ಲಿ ನನ್ನ ಡಾಕ್ಟರುಗಳು ಏನು ನೋಡಿ ಔಷಧಿ ಕೊಡ್ತಿದ್ದಾರೆ?" ಎಂದು ಕೇಳಿದರು. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಅವರೇ ತೀರ್ಮಾನ ಹೇಳಿದರು. ಮಧ್ಯಾಹ್ನ ನರ್ಸುಗಳ ಶಿಫ್ಟ್ ಬದಲಾಗುವಾಗ ಎರಡೂ ಶಿಫ್ಟಿನವರು ಆಸ್ಪತ್ರೆಯಲ್ಲಿರುತ್ತಾರೆ. ಹೋಗುವವರನ್ನು ತಡೆದು ಇರಿಸಿಕೊಳ್ಳುವುದು, ಆಗ ಕೇಬಲ್ ಕೀಳುವುದು. ಅಲ್ಲಿಂದ ಮುಂದೆ ಎಲ್ಲ ಫಲಿತಾಂಶವೂ ಕಾಗದದಲ್ಲಿ, ತುರ್ತಿನದು ಫೋನಿನಲ್ಲಿ.

"ಅಲ್ಲೀವರೆಗೆ ಯಾರೂ ಮೇಲ್ ಮಾಡಬೇಡಿ, ಕಂಪ್ಯೂಟರಲ್ಲಿ ಮೆಸೇಜ್ ಹಾಕಬೇಡಿ. ನಡ್ಕೊಂಡು ಹೋಗಿ ಬಾಯಲ್ಲಿ ಹೇಳಿ," ಎಂದರು.

ಆಮೇಲಿನ ಹೊತ್ತು ನನ್ನ ಬದುಕಿನಲ್ಲೇ ಉದ್ದನೆಯದು. ಮ್ಯಾನೇಜರ್ ಒಂದೊಂದೇ ವಾರ್ಡಿಗೆ ನಡೆದು ಹೋಗಿ ಹೇಳಿಬಂದರು. ಲ್ಯಾಬಿನಲ್ಲಿ ಕಾಗದದ ಕಟ್ಟುಗಳು ಹೊರಬಂದವು. ನಾನು ಮಾತ್ರ ಪರದೆಯ ಎದುರು ಕುಳಿತಿರಬೇಕಿತ್ತು. ಎದ್ದು ಹೋದರೆ, ಲಾಗಿನ್ ಬಿಟ್ಟರೆ, ಅವನಿಗೆ ಅನುಮಾನ ಬರಬಹುದು ಎಂಬುದು ನನ್ನ ಲೆಕ್ಕ. ಆದ್ದರಿಂದ ದಿನವೂ ಮಾಡುವ ಸಾಮಾನ್ಯ ಕೆಲಸಗಳನ್ನೇ ಮಾಡುತ್ತಾ ಕುಳಿತೆ. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ನೋಡಿದೆ. ಬೇಡದ ಲಾಗ್ ಫೈಲುಗಳನ್ನು ಕುಗ್ಗಿಸಿಟ್ಟೆ. ಆ ಸ್ಕ್ರಿಪ್ಟಿನ ಹತ್ತಿರ ಹೋಗಲಿಲ್ಲ. ಬೆಳಿಗ್ಗೆಯ ಕೆಲಸ ಮುಗಿಯಿತು, ಅವಳು ಎಲ್ಲ ಮರೆತಳು ಎಂದು ಅವನು ಅಂದುಕೊಳ್ಳಲಿ ಎಂದು ಆಸೆಪಟ್ಟೆ. ಕತ್ತಲೆಯಲ್ಲಿ ಹಾವಿರುವ ಕೋಣೆಯಲ್ಲಿ ಕಾಲು ಕದಲಿಸದೆ ನಿಂತಂತೆ. ಒಂದು ವ್ಯತ್ಯಾಸವೆಂದರೆ ಹೊರಗೆ ಬಿಸಿಲು, ಕಾರಿಡಾರಿನಲ್ಲಿ ಊಟದ ಟ್ರಾಲಿಗಳು, ಯಾರದೋ ಮೊಬೈಲಿನಲ್ಲಿ ರೀಲ್ಸ್.

ಒಮ್ಮೆ ಪರದೆ ನಿಂತುಹೋಯಿತು. ಟೈಪ್ ಮಾಡಿದ ಅಕ್ಷರ ಕಾಣಲಿಲ್ಲ. ಶುರುವಾಯಿತು ಎಂದುಕೊಂಡೆ. ಮೇಜಿನ ಅಂಚು ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಅಕ್ಷರಗಳು ಒಟ್ಟಿಗೇ ಬಂದು ಬಿದ್ದವು. ನೆಟ್‌ವರ್ಕ್ ನಿಧಾನವಾಗಿತ್ತು ಅಷ್ಟೇ, ಮಧ್ಯಾಹ್ನದ ಹೊತ್ತು ಹಾಗಾಗುವುದು ಹೊಸದಲ್ಲ.

ಎಲ್ಲ ಮಾಹಿತಿಯ ನಕಲು ಇಡುವ ಬ್ಯಾಕಪ್ ಯಂತ್ರ ಇದ್ದದ್ದು ರಸ್ತೆಯಾಚೆಯ ಹಳೆಯ ಕಟ್ಟಡದಲ್ಲಿ. ಅದರ ಬೀಗದ ಕೈ ಬಿಲ್ಡಿಂಗ್ ಸೂಪರ್‌ವೈಸರ್ ಬಳಿ. ಅವರು ಅಮೃತಹಳ್ಳಿಯ ಹಳೇ ಮನೆತನದವರು, ಈಗಿನ ಕಟ್ಟಡಗಳು ಏಳುವ ಮುಂಚೆ ಅಲ್ಲಿ ಅವರದೇ ತೋಟವಿತ್ತು ಎಂದು ಹೇಳುತ್ತಿದ್ದರು. ಶಿಫ್ಟ್ ಬದಲಾಗುವ ಹೊತ್ತು ಹತ್ತಿರವಾದಾಗ ಮ್ಯಾನೇಜರ್ ಬಂದು ನನ್ನ ಕುರ್ಚಿಯಲ್ಲಿ ಕುಳಿತರು. ನಾನು ಸೂಪರ್‌ವೈಸರ್ ಹತ್ತಿರ ಓಡಿದೆ.

"ಅಣ್ಣಾ, ಹಳೇ ಬಿಲ್ಡಿಂಗ್ ಕೀ ಬೇಕು. ಈಗ್ಲೇ."

"ಊಟ ಮಾಡ್ತಾ ಇದೀನಲ್ಲಮ್ಮ. ಅಂಗೇನ್ ಅರ್ಜೆಂಟು?"

"ಹೇಳೋಕಾಗಲ್ಲ ಅಣ್ಣಾ."

ನನ್ನ ಮುಖ ನೋಡಿ ಅವರು ತಟ್ಟೆ ಬದಿಗಿಟ್ಟರು. ಕೈ ತೊಳೆದು, "ಓಗಣ ಬಾರಮ್ಮ," ಎಂದು ಮುಂದೆ ನಡೆದರು. ರಸ್ತೆಯಲ್ಲಿ ವಾಹನಗಳು ಬಿಡುತ್ತಿರಲಿಲ್ಲ. ಅವರು ಕೈ ಅಡ್ಡ ಹಿಡಿದು ಒಂದು ಟ್ಯಾಂಕರನ್ನೇ ನಿಲ್ಲಿಸಿ ನನ್ನನ್ನು ದಾಟಿಸಿದರು. ಬೀಗ ಕಿಲುಬು ಹಿಡಿದಿತ್ತು. ಕೀಲಿ ತಿರುಗಲಿಲ್ಲ. ಅವರು ಚಪ್ಪಲಿಯಿಂದ ಬೀಗಕ್ಕೆ ಎರಡು ಏಟು ಕೊಟ್ಟು, ಮತ್ತೆ ತಿರುಗಿಸಿದರು. ಒಳಗೆ ಬ್ಯಾಕಪ್ ಯಂತ್ರದ ಹಸಿರು ದೀಪಗಳು ಮಿಣುಕುತ್ತಿದ್ದವು. ಹಿಂದೆ ಕೈ ಹಾಕಿ ನೆಟ್‌ವರ್ಕ್ ಕೇಬಲ್ ಕಿತ್ತೆ. ಕಿತ್ತ ಮೇಲೂ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದೆ.

"ಆಯ್ತೇನಮ್ಮ?" ಎಂದರು ಅವರು ಬಾಗಿಲಲ್ಲಿ.

ಮ್ಯಾನೇಜರ್‌ಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: "ಕೀಳಿ ಸರ್."

ವಾಪಸ್ಸು ಬರುವಷ್ಟರಲ್ಲಿ ಲ್ಯಾಬ್ ಸರ್ವರಿನ ಕೇಬಲ್ಲೂ ಕಿತ್ತಾಗಿತ್ತು. ಮ್ಯಾನೇಜರ್ ಅದರ ಮುಂದೆ ನೆಲದ ಮೇಲೆ ಕುಳಿತಿದ್ದರು. ವಾರ್ಡಿನ ಪರದೆಗಳಲ್ಲಿ ಫಲಿತಾಂಶದ ಜಾಗ ಖಾಲಿಯಾಗಿತ್ತು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಲ್ಲಿಯವರೆಗಿನ ಹೆದರಿಕೆಗೆ ಕಾರಣ ಬೇರೆ ಯಾರೋ ಆಗಿದ್ದ. ಇನ್ನು ಮುಂದೆ ಏನಾದರೂ ಆದರೆ ಅದಕ್ಕೆ ಕಾರಣ ನಾನು.

ಐಸಿಯುವಿನಲ್ಲಿ ಐಟಿಯವರೊಬ್ಬರು ಇರಬೇಕು, ಏನು ತೊಂದರೆಯಾದರೂ ಕೂಡಲೇ ಹೇಳಬೇಕು ಎಂದು ಸೂಪರಿಂಟೆಂಡೆಂಟ್ ನನ್ನನ್ನು ಅಲ್ಲಿಗೆ ಕಳಿಸಿದರು. ನಾನು ಅದರೊಳಗೆ ಅಷ್ಟು ಹೊತ್ತು ಎಂದೂ ಇದ್ದವಳಲ್ಲ. ಅಲ್ಲಿನ ಮುಖ್ಯ ಸಿಸ್ಟರ್ ನನಗೆ ಮೂಲೆಯಲ್ಲಿ ಒಂದು ಸ್ಟೂಲ್ ತೋರಿಸಿ, "ಕೂತ್ಕೊಳಿ, ಅಡ್ಡ ಬರಬೇಡಿ," ಎಂದರು. ಪೇಷಂಟ್‌ಗಳ ತಲೆಯ ಬಳಿಯ ಯಂತ್ರಗಳ ಸದ್ದು ಬಿಟ್ಟೂ ಬಿಡದೆ ಬರುತ್ತಿತ್ತು. ಅಟೆಂಡರ್‌ಗಳು ಕಾಗದ ಹಿಡಿದು ಏದುಸಿರು ಬಿಡುತ್ತ ಬಂದು ಹೋಗುತ್ತಿದ್ದರು. ಒಂದು ರಿಪೋರ್ಟು ಎಲ್ಲೋ ತಪ್ಪಿಹೋಗಿ, ಮತ್ತೆ ರಕ್ತ ತೆಗೆಯಬೇಕಾಯಿತು. ಸಿಸ್ಟರ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎನಿಸಿತು.

ಸಂಜೆಯ ಹೊತ್ತಿಗೆ ಲ್ಯಾಬಿನಿಂದ ಫೋನ್ ಬಂತು. ಸಿಸ್ಟರ್ ಎತ್ತಿಕೊಂಡರು. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು.

"ಲಕ್ಷ್ಮಮ್ಮ ಅವ್ರದ್ದು ಪೊಟ್ಯಾಸಿಯಂ ತುಂಬಾ ಜಾಸ್ತಿ ಇದೆ ಸಿಸ್ಟರ್. ಅರ್ಜೆಂಟ್ ಡಾಕ್ಟರ್‌ಗೆ ಹೇಳಿ."

ಪೊಟ್ಯಾಸಿಯಂ ತೀರ ಜಾಸ್ತಿಯಾದರೆ ಹೃದಯ ನಿಲ್ಲಬಹುದು, ಅದಕ್ಕೆ ಕಾಯದೆ ಔಷಧಿ ಕೊಡಬೇಕು, ಆದರೆ ಕಮ್ಮಿ ಇರುವವರಿಗೆ ಅದೇ ಔಷಧಿ ಬಿದ್ದರೆ ಅದೂ ಅಷ್ಟೇ ಅಪಾಯ ಎಂದು ಆಮೇಲೆ ನನಗೆ ತಿಳಿಯಿತು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಲಕ್ಷ್ಮಮ್ಮ ಎಂಬ ವಯಸ್ಸಾದವರು ಇದ್ದರು. ಡ್ಯೂಟಿ ಡಾಕ್ಟರ್ ಆಗಲೇ ಆ ಕಡೆ ತಿರುಗಿದ್ದರು.

"ಹೆಸರು ಬೇಡ. ಪೇಷಂಟ್ ನಂಬರ್ ಹೇಳಿ," ಎಂದರು ಸಿಸ್ಟರ್.

ಆ ಕಡೆಯಿಂದ ನಂಬರ್ ಬಂತು. ಸಿಸ್ಟರ್ ಹಾಸಿಗೆಯ ಕೇಸ್ ಶೀಟ್ ನೋಡಿದರು.

"ಇನ್ನೊಂದ್ಸಲ ಹೇಳಿ. ವಯಸ್ಸೂ ಹೇಳಿ."

ಫೋನಿನಲ್ಲಿ ಕಾಗದ ಸರಿಸುವ ಸದ್ದು ಕೇಳಿಸಿತು.

"ಒಂದ್ನಿಮಿಷ ಸಿಸ್ಟರ್. ಇದು ನಿಮ್ಮೋರಲ್ಲ. ಡಯಾಲಿಸಿಸ್‌ನಲ್ಲಿರೋ ಲಕ್ಷ್ಮಮ್ಮ. ನಿಮ್ಮೋರ ಕಾಗದ ಇದರ ಕೆಳಗಿದೆ, ಅವ್ರದ್ದು ಕಮ್ಮೀನೇ ಇದೆ."

"ಡಯಾಲಿಸಿಸ್‌ಗೆ ಈಗ್ಲೇ ಫೋನ್ ಮಾಡಿ. ನನ್ನ ಹತ್ರ ಮಾತಾಡ್ತಾ ಇರಬೇಡಿ," ಎಂದು ಸಿಸ್ಟರ್ ಫೋನ್ ಇಟ್ಟರು. ಡಾಕ್ಟರ್ ಕೈಯಲ್ಲಿದ್ದ ಸಿರಿಂಜನ್ನು ಟ್ರೇಗೆ ವಾಪಸ್ಸು ಹಾಕಿದರು. ಎಲ್ಲರೂ ತಂತಮ್ಮ ಕೆಲಸಕ್ಕೆ ಮರಳಿದರು.

ಪರದೆಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಫಲಿತಾಂಶ ನೇರವಾಗಿ ಅವರವರ ನಂಬರಿಗೇ ಹೋಗಿ ಕುಳಿತುಕೊಳ್ಳುತ್ತಿತ್ತು. ನಾನು ನಿಲ್ಲಿಸಿದ್ದು ಅದನ್ನೇ. ಕಿಟಕಿಯ ಪಕ್ಕದ ಲಕ್ಷ್ಮಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಅವರ ಮಗಳು ಹೊರಗಿನ ಬೆಂಚಿನಲ್ಲಿ ಕುಳಿತು ಯಾರಿಗೋ ಫೋನಿನಲ್ಲಿ, ಅಮ್ಮ ಪರವಾಗಿಲ್ಲ ಎಂದು ಹೇಳುತ್ತಿದ್ದುದು ಬಾಗಿಲು ತೆರೆದಾಗಲೆಲ್ಲ ಕೇಳಿಸುತ್ತಿತ್ತು.

ಶಿಫ್ಟ್ ಮುಗಿಸಿ ಹೋಗುವಾಗ ಸಿಸ್ಟರ್ ನನ್ನ ಸ್ಟೂಲಿನ ಬಳಿ ನಿಂತರು.

"ಊಟ ಮಾಡಿದ್ರಾ?"

"ಇಲ್ಲ ಸಿಸ್ಟರ್. ಅದು... ನಾನು ಕೇಬಲ್ ಕೀಳದೇ ಇದ್ದಿದ್ರೆ..."

"ಕೀಳದೇ ಇದ್ದಿದ್ರೆ ಪರದೆ ಮೇಲೆ ತಪ್ಪು ನಂಬರ್ ಬಂದ್ರೂ ನಾನು ನಂಬ್ತಿದ್ದೆ," ಎಂದರು. "ಫೋನಾಗಿದ್ದಕ್ಕೆ ಎರಡ್ಸಲ ಕೇಳಿದೆ. ಹೋಗಿ, ಏನಾದ್ರೂ ತಿನ್ನಿ." ಅದು ಸಮಾಧಾನಕ್ಕೆ ಹೇಳಿದ ಮಾತೋ, ನಿಜವಾಗಿ ಹಾಗೇ ಅನಿಸಿತ್ತೋ ನನಗೆ ಈಗಲೂ ತಿಳಿಯದು.

ಮರುದಿನ ಹೊರಗಿನಿಂದ ಪರಿಣತರೊಬ್ಬರು ಬಂದರು. ಸರ್ವರ್‌ನ ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ, ಅದರೊಳಗಿನ ಯಾವ ಪ್ರೋಗ್ರಾಮನ್ನೂ ಓಡಿಸದೆ, ಒಂದೊಂದೇ ಫೈಲನ್ನು ಹೊರಗಿನಿಂದ ನೋಡುತ್ತ ಹೋದರು. ನಾನು ಪಕ್ಕದಲ್ಲಿ ಕುಳಿತು ಕಲಿತೆ. ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಹೋಯಿತು. ನಾವು ಹೊಸ ಡಿಸ್ಕಿನಲ್ಲಿ ಸರ್ವರನ್ನು ಬುಡದಿಂದ ಕಟ್ಟಿದೆವು. ಸ್ಕ್ರಿಪ್ಟ್‌ಗಳನ್ನು ಸಾಲು ಸಾಲಾಗಿ ಓದಿ, ಬೇಕಾದ್ದನ್ನಷ್ಟೇ ಹೊಸದಾಗಿ ಬರೆದೆವು. ರಿಪೋರ್ಟು ಸಾಗಿಸುವ ಸ್ಕ್ರಿಪ್ಟನ್ನು ರೂಟ್ ಹೆಸರಿನಲ್ಲಿ ಓಡಿಸುವ ಅಗತ್ಯವೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಅದಕ್ಕೆಂದೇ ಬೇರೆ ಏನೂ ಮಾಡಲಾಗದ ಒಂದು ಸಣ್ಣ ಖಾತೆ ಮಾಡಿಕೊಟ್ಟೆವು. ಫೈಲಿನ ಹಕ್ಕು, ಫೈಲಿರುವ ಡೈರೆಕ್ಟರಿಯ ಹಕ್ಕು, ಅದರ ಮೇಲಿನ ಡೈರೆಕ್ಟರಿಯ ಹಕ್ಕು, ಹೀಗೆ ಬುಡದವರೆಗೂ ನೋಡಿದೆವು. ಹೊರಗಿನ ಕಂಪನಿಯವರು ಬರಬೇಕಾದರೆ ನಾವೇ ಬಾಗಿಲು ತೆರೆಯಬೇಕು, ಕೆಲಸ ಮುಗಿದ ಮೇಲೆ ನಾವೇ ಮುಚ್ಚಬೇಕು ಎಂದಾಯಿತು. ಅಷ್ಟು ದಿನವೂ ಕಾಗದ ಓಡಾಡಿತು. ಇಬ್ಬರು ಲಕ್ಷ್ಮಮ್ಮನವರೂ ಮನೆಗೆ ಹೋದರು.

ಪರಿಣತರು ಕಂಡುಕೊಂಡದ್ದನ್ನು ಸೂಪರಿಂಟೆಂಡೆಂಟ್ ಕೋಣೆಯಲ್ಲಿ ಹೇಳಿದರು. ರಿಪೋರ್ಟಿನ ಸಂಖ್ಯೆಗಳನ್ನು ಯಾರೂ ಮುಟ್ಟಿದ ಗುರುತು ಸಿಕ್ಕಿಲ್ಲ. ಬೆಳಿಗ್ಗೆ ನಾನು ಅಳಿಸಿದ ಸಾಲನ್ನು ವಾಪಸ್ಸು ಇಟ್ಟಿದ್ದು ಮನುಷ್ಯನಲ್ಲ, ಕಾವಲಿಗಿದ್ದ ಒಂದು ಪುಟ್ಟ ಪ್ರೋಗ್ರಾಂ. ಆದರೆ ಆ ಹೊತ್ತಿನಲ್ಲಿ ಒಳಗಿದ್ದವನು ಮನುಷ್ಯನೇ. ಇಡೀ ಡಿಸ್ಕನ್ನು ಯಾರೂ ಓದಲಾಗದಂತೆ ಮಾಡಿಬಿಡುವ ಪ್ರೋಗ್ರಾಂ ಸಿದ್ಧವಾಗಿತ್ತು. ಮೊದಲು ಬ್ಯಾಕಪ್ ಅಳಿಸಿ, ಆಮೇಲೆ ಸರ್ವರ್ ಕಡೆ ತಿರುಗುವಂತೆ ಬರೆದಿಟ್ಟಿದ್ದರು.

"ಸಿದ್ಧವಿತ್ತು ಅಂದ್ರೆ, ಯಾವಾಗ ಬೇಕಾದ್ರೂ ಓಡಿಸಬಹುದಿತ್ತಾ?" ಎಂದು ಕೇಳಿದೆ.

"ಓಡಿಸಬಹುದಿತ್ತು ಮೇಡಂ."

"ಮತ್ತೆ ಅವತ್ತು ಬೆಳಿಗ್ಗೆ ಯಾಕೆ ಓಡಿಸಲಿಲ್ಲ?"

"ಗೊತ್ತಿಲ್ಲ. ರಜೆ ದಿನಕ್ಕೆ ಕಾಯ್ತಿದ್ದಿರಬಹುದು. ಯಾರನ್ನೋ ಕೇಳ್ತಿದ್ದಿರಬಹುದು. ಅಥವಾ ಊಟಕ್ಕೆ ಎದ್ದು ಹೋಗಿರಬಹುದು," ಎಂದರು. ತಮಾಷೆಗೆ ಹೇಳಿದ್ದಲ್ಲ. ಅವನು ಯಾರು, ಯಾವ ಊರಿನವನು ಎಂಬುದು ಇದುವರೆಗೂ ಗೊತ್ತಾಗಿಲ್ಲ.

ಲ್ಯಾಬ್ ಸರ್ವರ್ ಮತ್ತೆ ಓಡತೊಡಗಿದ ಮೇಲೆ ಉಳಿದ ಸರ್ವರ್‌ಗಳ ಪರೀಕ್ಷೆ ನನ್ನ ಮೇಲೇ ಬಂತು. ಮೊದಲನೆಯದು ಫಾರ್ಮಸಿಯದು. ಹೊರಗಿನವರಿಗೆ ಬರೆಯುವ ಹಕ್ಕಿರುವ ಫೈಲು, ಡೈರೆಕ್ಟರಿ, ರೂಟ್ ಗುರುತಿನ ನಕಲುಗಳು, ಎಲ್ಲವನ್ನೂ ತೋರಿಸು ಎಂದು ಕೇಳಿದೆ. ಏನೂ ಬರಲಿಲ್ಲ. ಕರ್ಸರ್ ಒಂದು ಸಾಲು ಕೆಳಗಿಳಿದು ನಿಂತಿತು. ಹಿಂದಾಗಿದ್ದರೆ ಅದನ್ನು ನೋಡಿ ಕಾಫಿಗೆ ಎದ್ದಿರುತ್ತಿದ್ದೆ. ಈಗ ಗೊತ್ತಿದೆ, ಖಾಲಿ ಪರದೆ ಎರಡು ಮಾತು ಹೇಳುತ್ತದೆ. ಇಲ್ಲಿ ಯಾರೂ ಇಲ್ಲ ಎಂದು ಹೇಳುತ್ತದೆ. ಇದ್ದೇನೆ, ನಿನಗೆ ಕಾಣುವುದಿಲ್ಲ ಎಂದೂ ಹೇಳುತ್ತದೆ. ಯಾವ ಮಾತು ಎಂದು ತಿಳಿಯಬೇಕಾದರೆ ಯಂತ್ರ ನಿಲ್ಲಿಸಿ, ಡಿಸ್ಕ್ ಬಿಚ್ಚಿ, ಹೊರಗಿನಿಂದ ನೋಡಬೇಕು. ಫಾರ್ಮಸಿ ನಿಲ್ಲಿಸುವುದೆಂದರೆ ಮತ್ತೆ ಕಾಗದ, ಮತ್ತೆ ಫೋನು, ಮತ್ತೆ ಯಾರದೋ ಹೆಸರು ಯಾರದಕ್ಕೋ ಸೇರುವ ಭಯ.

ಮ್ಯಾನೇಜರ್ ಬಂದು ನನ್ನ ಹಿಂದೆ ನಿಂತಿದ್ದರು.

"ಏನೂ ಸಿಗ್ಲಿಲ್ಲ ತಾನೆ?"

"ಏನೂ ಸಿಗ್ಲಿಲ್ಲ ಸರ್. ಅದಕ್ಕೇ ಭಯ."

ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಕಾರಿಡಾರಿಗೆ ಹೋಗಿ, ಶಿಫ್ಟ್ ಬದಲಾಗುವುದು ಯಾವಾಗ ಎಂದು ಫಾರ್ಮಸಿಯವರನ್ನು ಕೇಳಿದರು.